ಮದ್ದುಗಾತಿಯ ಸರದಿ

ನಮ್ಮ ಮನೆಯಲ್ಲಿ ಭಾನುವಾರದ ಜಗಳ ಶುರುವಾಗುತ್ತಿದ್ದದ್ದು ಒಬ್ಬ ದೈತ್ಯನಿಂದ. ದೈತ್ಯ ಅಂದರೆ ನನ್ನ ಭಾವ, ಗಂಡನ ಅಣ್ಣ. ಲಿಫ್ಟ್ ರಿಪೇರಿ ಮಾಡಿ ಮಾಡಿ ಬೆನ್ನು ಬಾಗಿದ, ಜೋರಾಗಿ ಗಾಳಿ ಬೀಸಿದರೆ ಕಂಬ ಹಿಡಿದು ನಿಲ್ಲಬೇಕಾದಷ್ಟು ಸಣಕಲು ಮನುಷ್ಯ. ಆದರೆ ದಾಳ ಕೈಗೆ ಬಂತೋ ಮುಗಿಯಿತು. "ನಾನು ಬಾಗಿಲು ಒದ್ದು ಒಳಗೆ ಹೋಗ್ತೀನಿ" ಅನ್ನುತ್ತಿದ್ದರು. ಬಾಗಿಲು ತೆರೆದೇ ಇದೆ ಎಂದು ಅಕ್ಕ ಹೇಳಿದರೆ, "ಆದ್ರೂ ಒದೀತೀನಿ."

ಆಟ ನಡೆಸುತ್ತಿದ್ದವಳು ಅಕ್ಕ. ಭಾವನಿಗೂ ನನ್ನ ಗಂಡನಿಗೂ ದೊಡ್ಡವಳು, ಮದುವೆ ಬೇಡವೆಂದು ಒಂಟಿಯಾಗಿ ಉಳಿದವಳು. ಲೆಕ್ಕಪ್ರಕಾರ ನನಗೆ ಅತ್ತಿಗೆಯಾಗಬೇಕು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತಿಗೆ, ನೀವು, ತಾವು ಅಂತೆಲ್ಲ ಶುರು ಮಾಡಿದ್ದಕ್ಕೆ, "ಅಕ್ಕ ಅನ್ನು, ನೀನು ಅನ್ನು. ಇಲ್ಲಾಂದ್ರೆ ನನ್ನ ಹತ್ರ ಮಾತೇ ಆಡ್ಬೇಡ" ಎಂದು ಗದರಿಸಿದ್ದಳು. ಆವತ್ತಿಂದ ಅವಳು ನನಗೂ ಅಕ್ಕನೇ.

ಆ ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅದು ಹಾವು-ಏಣಿಯಂಥದ್ದಲ್ಲ, ಚೆಸ್ಸಿನಂಥದ್ದೂ ಅಲ್ಲ. ಮೇಜಿನ ಸುತ್ತ ಕೂತು ಎಲ್ಲರೂ ಸೇರಿ ಒಂದು ಕಥೆ ಕಟ್ಟುವ ಆಟ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. "ಎದುರಿಗೆ ಗುಹೆ ಇದೆ, ಒಳಗೆ ಏನೋ ಗುರುಗುಟ್ತಾ ಇದೆ" ಎಂದು ನಡೆಸುವವಳು ಹೇಳಿದರೆ, ನಾವೇನು ಮಾಡುತ್ತೇವೆ ಅಂತ ನಾವು ಹೇಳಬೇಕು. ಅದು ಆಗುತ್ತದೋ ಇಲ್ಲವೋ ಅನ್ನುವುದನ್ನು ದಾಳ ಹೇಳುತ್ತದೆ. ಇದರಲ್ಲಿ ಗೆದ್ದವರು ಸೋತವರು ಅಂತಿಲ್ಲ. ಅದಕ್ಕೇ ಇರಬೇಕು, ಜಗಳಕ್ಕೂ ಕೊನೆಯಿರಲಿಲ್ಲ.

ಪ್ರತಿ ಪಾತ್ರಕ್ಕೂ ಎರಡು ಸಂಗತಿ ಇರಬೇಕು. ಒಂದು, ಅದು ಯಾರಲ್ಲಿ ಹುಟ್ಟಿತು ಅನ್ನುವುದು: ದೈತ್ಯರಲ್ಲೋ, ಗಾಳಿಯವರಲ್ಲೋ, ಗುಡ್ಡದ ಕುಳ್ಳರಲ್ಲೋ, ನಮ್ಮ ನಿಮ್ಮಂಥ ಮನುಷ್ಯರಲ್ಲೋ. ಇದಕ್ಕೆ ಅಕ್ಕ ಇಟ್ಟ ಹೆಸರು 'ಹುಟ್ಟು'. ಇನ್ನೊಂದು, ಅದು ಬೆಳೆದ ಮೇಲೆ ಕಲಿತದ್ದು: ಕತ್ತಿವರಸೆ, ಮಂತ್ರ, ಕಳ್ಳತನ, ವೈದ್ಯ. ಇದು 'ಕಸುಬು'. ಯಾರೋ ಬಿಸಾಡಿದ್ದ ಅರ್ಧ ನಿಯಮಗಳಿಲ್ಲದ ಆಟವೊಂದನ್ನು ತಂದು, ಉಳಿದರ್ಧವನ್ನು ಅಕ್ಕ ತಾನೇ ಕಟ್ಟಿದ್ದಳು. ದೈತ್ಯನಿಗೆ ಬಲ ಕೊಟ್ಟಳು, ಹಾಗೇ ಸಣ್ಣ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುವ ತೊಂದರೆಯನ್ನೂ ಕೊಟ್ಟಳು. ಭಾವ ಬಾಗಿಲು ಒದೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಚೌಕಟ್ಟೇ ಮುರಿದುಹೋದರೆ ಸಿಕ್ಕಿಕೊಳ್ಳುವ ಪ್ರಶ್ನೆ ಎಲ್ಲಿ? ತಮ್ಮಂದಿರ ಇಂಥ ಕಿತಾಪತಿಗಳನ್ನು ಮುಂಚೆಯೇ ಊಹಿಸಿ ನಿಯಮ ತಿದ್ದುವುದರಲ್ಲಿ ಅಕ್ಕನ ಅರ್ಧ ವಾರ ಹೋಗುತ್ತಿತ್ತು.

ಅವಳ ಕೆಲಸವೂ ಅಂಥದ್ದೇ. ದೊಡ್ಡ ಆಸ್ಪತ್ರೆಯೊಂದರಲ್ಲಿ ನರ್ಸುಗಳಿಗೆ ಡ್ಯೂಟಿ ಹಂಚುವವಳು. ಯಾರಿಗೆ ಬೆಳಗಿನ ಪಾಳಿ, ಯಾರಿಗೆ ರಾತ್ರಿ, ಯಾವ ವಾರ್ಡಿಗೆ ಎಷ್ಟು ಜನ. ಒಬ್ಬಳಿಗೆ ರಜೆ ಕೊಟ್ಟರೆ ಇನ್ನೊಬ್ಬಳ ಮುಖ ಊದಿಕೊಳ್ಳುತ್ತಿತ್ತು. ಕ್ಯಾಂಟೀನಿನಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತಂತೆ. "ಒಬ್ಬರ ಅನುಕೂಲ ಇಳಿಸಿದ್ರೆ ಊರೆಲ್ಲಾ ಕೇಳೋ ಹಾಗೆ ಅಳ್ತಾರೆ, ಏರಿಸಿದ್ರೆ ಒಬ್ರೂ ಥ್ಯಾಂಕ್ಸ್ ಹೇಳಲ್ಲ" ಅನ್ನುತ್ತಿದ್ದಳು. ನರ್ಸುಗಳ ವಿಷಯಕ್ಕೆ ಹೇಳಿದ್ದೋ, ತಮ್ಮಂದಿರ ವಿಷಯಕ್ಕೋ, ಎರಡಕ್ಕೂ ಸರಿಹೋಗುತ್ತಿತ್ತು.

ಸಂಜೆ ಮನೆಗೆ ಬಂದರೆ ಅಪ್ಪ. ನನ್ನ ಮಾವ ಕ್ರೇನ್ ಓಡಿಸುತ್ತಿದ್ದವರು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಒಂದು ಕಡೆಯ ಕೈಕಾಲು ಬಿದ್ದುಹೋಗಿತ್ತು. ಮಾತು ತೊದಲು, ಬುದ್ಧಿ ಮಾತ್ರ ಚುರುಕು. ಅಂದಿನಿಂದ ಅವರು ಅಕ್ಕನ ಮನೆಯಲ್ಲಿ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಆಸ್ಪತ್ರೆಯಿಂದ ಹೊರಟ ದಿನ ಟ್ಯಾಕ್ಸಿಯವನು ಎಲ್ಲಿಗೆ ಅಂತ ಕೇಳಿದ, ಇಬ್ಬರು ಗಂಡುಮಕ್ಕಳೂ ಅಕ್ಕನ ಮುಖ ನೋಡಿದರು, ಅಷ್ಟೇ. ಭಾನುವಾರ ನಾವೆಲ್ಲ ಅಲ್ಲಿ ಸೇರುತ್ತಿದ್ದದ್ದೂ ಮಾವನನ್ನು ನೋಡುವ ನೆಪದಲ್ಲಿ. ಬಂದವರು ಅವರ ಮುಖ ನೋಡಿ, ಹೇಗಿದೀಯಪ್ಪಾ ಅಂದು, ಆಟಕ್ಕೆ ಕೂರುತ್ತಿದ್ದರು. ಶತ್ರುಗಳ ಪರವಾಗಿ ದಾಳ ಉರುಳಿಸುವುದು ಮಾವನ ಕೆಲಸ. ಮಕ್ಕಳು ಪೆಟ್ಟು ತಿಂದರೆ ಅವರಿಗೆ ಎಲ್ಲಿಲ್ಲದ ಸಂತೋಷ.

ನನ್ನ ಗಂಡನ ವಿಷಯ ಬೇರೆ. ಬಣ್ಣದ ಅಂಗಡಿಯಲ್ಲಿ ಸೇಲ್ಸ್‌ಮನ್, ಬೆಣ್ಣೆಯಂಥ ಮಾತು, ನಲವತ್ತಾದರೂ ಮನೆಯಲ್ಲಿ ಪುಟ್ಟ. ಆಟದಲ್ಲಿ ಇವರು ಗಾಳಿಯವರಲ್ಲಿ ಹುಟ್ಟಿದ ಕಳ್ಳ. ಗಾಳಿಯವರಿಗೆ ಹುಟ್ಟಿನಿಂದಲೇ ಏಟು ತಪ್ಪಿಸಿಕೊಳ್ಳುವ ಚಳಕ, ಕಳ್ಳನಿಗೆ ಕಸುಬಿನಿಂದ ಅದೇ ಚಳಕ. ಎರಡೂ ಕೂಡಿ, ಯಾವ ಏಟೂ ಇವರಿಗೆ ತಾಗದು. ಅಕ್ಕ ಮಾಡಿದ ದೊಡ್ಡ ತಪ್ಪು ಇದು. ಗೊತ್ತಾದ ಮೇಲೆ, ಹುಟ್ಟಿಂದ ಬಂದದ್ದೂ ಕಸುಬಿಂದ ಬಂದದ್ದೂ ಒಂದೇ ಆಗಿದ್ದರೆ ಕೂಡಿಸುವಂತಿಲ್ಲ, ಯಾವುದಾದರೂ ಒಂದೇ, ಎಂದು ನಿಯಮ ಮಾಡಿದಳು. ಇವರು ಆ ಭಾನುವಾರವೆಲ್ಲ ಮೂತಿ ತಿರುಗಿಸಿಕೊಂಡು ಕೂತರು. "ಇಷ್ಟು ದಿನ ಇದ್ದಿದ್ದನ್ನ ಕಿತ್ಕೋತೀಯಲ್ಲ" ಅಂದರು. ಇಷ್ಟು ದಿನ ಇತ್ತು ಅನ್ನುವುದೇ ಹಕ್ಕು ಅಂತ ತಿಳಿದ ಜನ ಇವರು.

ನಾನು ಮದ್ದುಗಾತಿ. ಹೇಗಾದೆ ಅಂತ ಕೇಳಿದರೆ, ಗಾಯಕ್ಕೆ ಮದ್ದು ಕಟ್ಟುವ ಕಸುಬು ಬೇರೆ ಯಾರಿಗೂ ಬೇಕಿರಲಿಲ್ಲ. ದಿನವಿಡೀ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕೂತು, ಕ್ಲಚ್ಚಿಗೂ ಬ್ರೇಕಿಗೂ ವ್ಯತ್ಯಾಸ ತಿಳಿಯದವರಿಂದ ಜೀವ ಉಳಿಸಿಕೊಳ್ಳುವವಳು ನಾನು. ವಾರಕ್ಕೊಮ್ಮೆಯಾದರೂ ಒಂದು ಕತ್ತಿ ಹಿಡಿದು ಯಾರಿಗಾದರೂ ನಾಲ್ಕು ಬಾರಿಸೋಣ ಅಂತಿದ್ದರೆ, ನನ್ನ ಸರದಿ ಬಂದ ಕೂಡಲೇ ಭಾವ, "ನಂಗೆ ಮದ್ದು!" ಇವರು, "ನಂಗೂ ಸ್ವಲ್ಪ!" ಸೊಪ್ಪು ಅರೆದದ್ದು, ಹಚ್ಚಿದ್ದು, ಕಟ್ಟಿದ್ದು, ನನ್ನ ಸಾಹಸವೆಲ್ಲ ಇಷ್ಟೇ. ಗುಹೆಯಿಂದ ಹೊರಬಂದು ಸಾಹಸದ ಕಥೆ ಹೇಳುವಾಗ ಬರುತ್ತಿದ್ದದ್ದು ದೈತ್ಯನ ಹೆಸರು, ಕಳ್ಳನ ಹೆಸರು. ಎರಡು ವರ್ಷ ಆಡಿದರೂ ನನ್ನ ಪಾತ್ರದ ಹೆಸರು ಇವರಿಬ್ಬರಿಗೂ ಬಾಯಿಗೆ ಬರುತ್ತಿರಲಿಲ್ಲ.

ಹೀಗಿರುವಾಗ ಅಕ್ಕ ಒಂದು ದಿನ ಬಟ್ಟೆ ಒಣಹಾಕುವ ನೆಪದಲ್ಲಿ ನನ್ನನ್ನು ಟೆರೇಸಿಗೆ ಕರೆದುಕೊಂಡು ಹೋದಳು. ಮಾವನ ಹಾಸಿಗೆಯ ಮೇಲುಹೊದಿಕೆಯ ಒಂದು ತುದಿ ನನ್ನ ಕೈಗೆ ಕೊಟ್ಟು, ಹಿಂಡುತ್ತಾ ಹಿಂಡುತ್ತಾ ಹೇಳಿದಳು. ಬೇರೆ ಊರಲ್ಲಿ ಹೊಸ ಆಸ್ಪತ್ರೆ ತೆರೆಯುತ್ತಿದ್ದಾರೆ. ನರ್ಸುಗಳನ್ನು ಆರಿಸುವುದರಿಂದ ಹಿಡಿದು ಪಾಳಿ ಹೇಗಿರಬೇಕು ಅನ್ನುವವರೆಗೆ ಎಲ್ಲವನ್ನೂ ಮೊದಲಿಂದ ಕಟ್ಟಬೇಕು. ಇವಳನ್ನೇ ಕರೆದಿದ್ದಾರೆ.

"ಬೇರೆಯೋರು ಕೆಡಿಸಿದ್ದನ್ನ ಸರಿಮಾಡೋದೇ ಆಯ್ತು ಕಣೇ ಇಷ್ಟು ವರ್ಷ. ಒಂದ್ಸಲ ನಾನೇ ಕಟ್ಬೇಕು, ಬುಡದಿಂದ. ತುಂಬಾ ಆಸೆ ಆಗಿದೆ."

ಅಕ್ಕನ ಬಾಯಲ್ಲಿ ಆಸೆ ಅನ್ನುವ ಮಾತು ಕೇಳಿದ್ದು ನಾನು ಅದೇ ಮೊದಲು.

"ಮತ್ತೆ ಮಾವ?"

"ಅದೇ" ಅಂದಳು. ಹಿಂಡಿದ ಬಟ್ಟೆಯನ್ನು ಜೋರಾಗಿ ಕೊಡವಿದಳು.

ಅದರ ಮುಂದಿನ ಭಾನುವಾರ ಹೊಸ ನಿಯಮ ಬಂತು. ಗಾಯ ಕಟ್ಟುವುದನ್ನು ಯಾರು ಬೇಕಾದರೂ ಕಲಿಯಬಹುದು. ಆಡುತ್ತಾ ಆಡುತ್ತಾ ಪಾತ್ರಗಳಿಗೆ ಸಿಗುವ ಹೊಸ ವಿದ್ಯೆಯನ್ನು ಮುಂದಿನ ಸಲ ಆರಿಸಿಕೊಳ್ಳುವಾಗ ಒಬ್ಬೊಬ್ಬರೂ ಬೇಕಾದರೆ ಅದನ್ನು ಆರಿಸಿಕೊಳ್ಳಲಿ; ಆಗ ಮದ್ದುಗಾತಿಯೂ ಆಗಾಗ ಕತ್ತಿ ಎತ್ತಬಹುದು. ಅಕ್ಕ ಇದನ್ನು ಬೇಕಂತಲೇ, ತಮ್ಮಂದಿರಿಗೆ ಪಾಠ ಕಲಿಸಲೆಂದೇ ಮಾಡಿದಳು ಎಂದು ನಾನು ಹೇಳುವುದಿಲ್ಲ. ಆಟದಲ್ಲಿ ಆ ಓರೆ ನಿಜಕ್ಕೂ ಇತ್ತು, ಓರೆ ಕಂಡರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ.

"ದೈತ್ಯನ ಕೈಲಿ ಗಾಯ ಕಟ್ಟಿಸ್ತೀಯಾ?" ಭಾವ ತಮ್ಮ ಕಡ್ಡಿಯಂಥ ಬೆರಳುಗಳನ್ನು ಅಗಲಿಸಿ ತೋರಿಸಿದರು. "ಬೆರಳು ನೋಡು, ಒಂದೊಂದೂ ಒನಕೆ ಇದ್ದ ಹಾಗಿದೆ."

"ಕಲಿತ್ರೆ ಬರುತ್ತೆ" ಎಂದಳು ಅಕ್ಕ.

"ಅವಳಿದ್ದಾಳಲ್ಲ" ಎಂದು ಇವರು ಗದ್ದ ಎತ್ತಿ ನನ್ನ ಕಡೆ ತೋರಿಸಿದರು.

"ಅವಳೇ ಬಿದ್ರೆ?"

"ಅವಳ್ಯಾಕೆ ಬೀಳ್ತಾಳೆ?"

ಅವಳು ಬಿದ್ದಳು. ತುಂಬ ದಿನವೇನೂ ಆಗಿರಲಿಲ್ಲ. ಗುಹೆಯೊಳಗಿದ್ದ ಪ್ರಾಣಿಯ ಪರವಾಗಿ ಮಾವ ಉರುಳಿಸಿದ ದಾಳದಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ಬಿದ್ದು, ನನ್ನ ಮದ್ದುಗಾತಿ ನೆಲಕ್ಕೊರಗಿದಳು. ನಿಯಮ ಸರಳ: ಒಂದು ಸುತ್ತು ಮುಗಿಯುವುದರೊಳಗೆ ಯಾರಾದರೂ ಗಾಯ ಕಟ್ಟಿದರೆ ಬದುಕುತ್ತಾಳೆ. ಭಾವನ ಸರದಿ. ಅವರು ಪ್ರಾಣಿಗೆ ಒದ್ದರು. ಇವರ ಸರದಿ. ಇವರು ಪ್ರಾಣಿ ಮಲಗಿದ್ದ ಜಾಗದಲ್ಲಿ ಏನಾದರೂ ಹೊಳೆಯುತ್ತಿದೆಯಾ ಅಂತ ಕೇಳಿದರು.

"ಅವಳು ಬಿದ್ದಿದ್ದಾಳೆ" ಅಂದಳು ಅಕ್ಕ. "ನಿಮ್ಮಲ್ಲಿ ಯಾರು ಗಾಯ ಕಟ್ಟೋದು ಕಲ್ತಿದ್ದೀರಿ?"

ಭಾವ ಎರಡು ಕೈಯಲ್ಲೂ ಕತ್ತಿ ಬೀಸುವುದು ಕಲಿತಿದ್ದರು. ಇವರು ಬೀಗ ಒಡೆಯುವುದರಲ್ಲಿ ಇನ್ನೊಂದು ಮೆಟ್ಟಿಲು ಹತ್ತಿದ್ದರು. ಸುತ್ತು ಮುಗಿಯಿತು, ನಾನು ಸತ್ತೆ.

"ಹೋಗ್ಲಿ ಬಿಡು, ಇನ್ನೊಬ್ಬ ಮದ್ದುಗಾತೀನ ಮಾಡ್ಕೊಂಡು ಬಾ" ಅಂದರು ನನ್ನ ಗಂಡ. "ಹೆಸರು ಬದಲಾಯಿಸಿದ್ರೆ ಆಯ್ತು."

ಆಟದ ಸಾವಿಗೆ ಯಾರೂ ಅಳುವುದಿಲ್ಲ, ನನಗೆ ಅಳು ಬಂತು. ಸಿಟ್ಟಿನ ಅಳು. ಎದ್ದು ಅಡುಗೆಮನೆಗೆ ಹೋಗುವುದರಲ್ಲಿದ್ದೆ, ಅಕ್ಕ ನನ್ನ ಮೊಣಕೈ ಹಿಡಿದು ಕೂರಿಸಿದಳು. ದಾಳಗಳನ್ನೆಲ್ಲ ಒಟ್ಟುಮಾಡಿ ಡಬ್ಬಿಗೆ ಹಾಕಿ, ಹೊಸ ಆಸ್ಪತ್ರೆಯ ವಿಷಯ ಹೇಳಿದಳು. ತಾನು ಹೋಗಬೇಕೆಂದಿದ್ದೇನೆ, ಅಪ್ಪನನ್ನು ನೀವಿಬ್ಬರು ನೋಡಿಕೊಳ್ಳಬೇಕು ಎಂದಳು. ಒಂದೇ ಉಸಿರಿಗೆ.

ಇಬ್ಬರೂ ಪೆಚ್ಚಾದರು. ಭಾವ ತಮ್ಮದು ಮೂರನೇ ಮಹಡಿ, ಲಿಫ್ಟಿಲ್ಲ ಅಂದರು. ಊರಿಗೆಲ್ಲ ಲಿಫ್ಟ್ ಸರಿಮಾಡುವವರ ಮನೆಗೆ ಲಿಫ್ಟಿಲ್ಲ, ನಿಜವೇ. ಇವರು ಅಂಗಡಿ, ಸೀಸನ್ನು, ಓನರ್ ಎಂದು ಏನೇನೋ ಗೊಣಗಿದರು. ಕೊನೆಗೆ ಭಾವ ಪ್ರೀತಿಯಿಂದಲೇ ಹೇಳಿದರು, ಅದೇ ಹೆಚ್ಚು ಚುಚ್ಚಿದ್ದು:

"ನಮ್ಮ ಕೈಲಿ ಆಗುತ್ತಾ ಅಕ್ಕಾ ಅದೆಲ್ಲ? ನಿಂಗದು ಹುಟ್ಟುಗುಣ."

ಅಕ್ಕ ಸಿಟ್ಟಾದದ್ದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ದನಿ ಏರಲಿಲ್ಲ, ಕುತ್ತಿಗೆ ಮಾತ್ರ ಕೆಂಪಾಯಿತು.

"ಹುಟ್ಟುಗುಣ ಅಲ್ಲ ಅದು. ಆಸ್ಪತ್ರೆಗೆ ಆಯಾ ಆಗಿ ಸೇರಿದ ಹೊಸದರಲ್ಲಿ ಒಬ್ಬ ಅಜ್ಜೀನ ಮಗ್ಗುಲಿಗೆ ಹೊರಳಿಸೋಕೆ ಹೋಗಿ, ಅಜ್ಜೀನೂ ನಾನೂ ಇಬ್ರೂ ಮಂಚದಿಂದ ಕೆಳಗೆ ಬಿದ್ವಿ. ಬೆಡ್‌ಪ್ಯಾನ್ ಇಡೋಕೆ ಹೋಗಿ ವಾಂತಿ ಮಾಡ್ಕೊಂಡಿದ್ದೆ. ಬೈಸ್ಕೊಂಡೆ, ಕಲ್ತೆ. ನಮ್ಮಪ್ಪಂಗೆ ಕ್ರೇನು ಹೇಗೋ ಹಾಗೆ. ಕಸುಬು ಕಣೋ ಅದು, ಕಸುಬು! ಯಾರು ಬೇಕಾದ್ರೂ ಕಲೀಬಹುದು."

ಮಾವ ತಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಬಾಯಿ ಒಂದೆರಡು ಸಲ ತಡವರಿಸಿತು.

"ಹೋ... ಗು" ಅಂದರು ಅಕ್ಕನಿಗೆ.

ಅಪ್ಪನ ಆ ಮಾತಿನ ಮುಂದೆ ಗಂಡುಮಕ್ಕಳ ಆಟ ನಡೆಯಲಿಲ್ಲ. ಅಕ್ಕ ಹೋದಳು. ಮಾವ ನಮ್ಮ ಮನೆಗೆ ಬಂದರು, ನಮ್ಮದು ನೆಲಮಹಡಿ. ಬೆಳಿಗ್ಗೆ ಇವರು, ಸಂಜೆ ಭಾವ, ನಡುವೆ ನಾನು ಎಂದು ಮಾತಾಗಿತ್ತು. ಹೊರಡುವ ಮುಂಚೆ ಅಕ್ಕ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಎತ್ತುವುದು, ಕೂರಿಸುವುದು, ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಎಲ್ಲ ಮಾಡಿ ತೋರಿಸಿದಳು. ಇಬ್ಬರೂ ಶಾಲೆಯ ಹುಡುಗರಂತೆ ತಲೆ ಆಡಿಸಿದರು.

ಮಾತು ಆದ ಹಾಗೆ ನಡೆದದ್ದು ಕೆಲವೇ ದಿನ. ಭಾವನಿಗೆ ಎಲ್ಲೋ ಲಿಫ್ಟ್ ಕೆಟ್ಟು ನಿಂತ ಫೋನು, ಸರಿಯಾಗಿ ಸಂಜೆಯೇ. ನನ್ನ ಗಂಡ ಬೆಳಿಗ್ಗೆ ಟವೆಲ್ ಹಿಡಿದು ಬಚ್ಚಲುಮನೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. "ನಾನು ಮುಟ್ಟಿದ್ರೆ ಅಪ್ಪಂಗೆ ನೋವಾಗುತ್ತೇನೋ" ಅನ್ನುತ್ತಿದ್ದರು. ಮಾವನನ್ನು ಎಬ್ಬಿಸಿ, ತೊಳೆದು, ಒರೆಸಿ, ಬಟ್ಟೆ ಹಾಕಿ, ತಿನ್ನಿಸಿ ನಾನು ಕಾರಿನ ಕ್ಲಾಸಿಗೆ ಓಡುತ್ತಿದ್ದೆ. ಮಾವನ ಮೇಲೆ ನನಗೆ ಬೇಸರವಿರಲಿಲ್ಲ. ಸೊಸೆಯ ಕೈಯಲ್ಲಿ ಸ್ನಾನ ಮಾಡಿಸಿಕೊಳ್ಳುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆ ನಾಚಿಕೆ ನೋಡಿ ನನ್ನ ಹೊಟ್ಟೆ ಉರಿಯುತ್ತಿತ್ತು. ಇಬ್ಬರು ಗಂಡುಮಕ್ಕಳನ್ನು ಹೆತ್ತವರು.

ಅಕ್ಕ ಫೋನ್ ಮಾಡಿದಾಗೆಲ್ಲ ನಾನು, "ಎಲ್ರೂ ನೋಡ್ಕೋತಿದ್ದೀವಿ, ಚೆನ್ನಾಗಿದ್ದಾರೆ" ಅನ್ನುತ್ತಿದ್ದೆ. ಅಲ್ಲಿ ಅವಳ ದನಿಯೇ ಬೇರೆಯಾಗಿತ್ತು. ರಾತ್ರಿ ಪಾಳಿ ಮಾಡಿದವರಿಗೆ ಮರುದಿನ ಪೂರ್ತಿ ಬಿಡುವು ಇರುವ ಹಾಗೆ ಕಟ್ಟಿದ್ದೇನೆ ಎಂದು ಹೇಳುವಾಗ ನಗುತ್ತಿದ್ದಳು. ಆ ನಗು ಕೇಳುವುದಕ್ಕೇ ನಾನು ಸುಳ್ಳು ಹೇಳುತ್ತಿದ್ದೆ. ಆದರೆ ಒಂದು ದಿನ ಫೋನ್ ಎತ್ತಿದ್ದು ನನ್ನ ಗಂಡ.

"ಏನೂ ಯೋಚ್ನೆ ಮಾಡ್ಬೇಡ ಅಕ್ಕ. ಎಲ್ಲಾ ಇವಳೇ ಮಾಡ್ತಾಳೆ. ಇವಳಿಗೆ ಅದು ಚೆನ್ನಾಗಿ ಬರುತ್ತೆ."

ಹೊಗಳಿಕೆ ಅಂದುಕೊಂಡೇ ಹೇಳಿದರು, ಪಾಪ. ಅಕ್ಕ ಫೋನನ್ನು ನನಗೆ ಕೊಡಲು ಹೇಳಿದಳು.

"ನೀನೊಬ್ಳೇ ಮಾಡ್ತಿದ್ದೀಯಾ?"

"ಹಾಗೇನಿಲ್ಲ ಅಕ್ಕ..."

"ಸುಳ್ಳು ಹೇಳ್ಬೇಡ. ನನ್ನ ಮೇಲಿದ್ದ ಭಾರ ತೆಗೆದು ನಿನ್ನ ಮೇಲಿಟ್ಟೆ, ಅಷ್ಟೇ ನಾನು ಮಾಡಿದ್ದು. ಒಬ್ಬರದು ಇಳಿಸಿ ಇನ್ನೊಬ್ಬರಿಗೆ ಏರಿಸಿದ್ರೆ ಸಮ ಆಗುತ್ತೇನೇ? ನಾನು ಬಂದ್ಬಿಡ್ತೀನಿ. ಆಗಲ್ಲ ಅಂತ ಇಲ್ಲಿ ಹೇಳ್ತೀನಿ."

ಅವಳು ಹಾಗೆ ಅಂದರೆ ಮಾಡುವವಳೇ. ಒಂದು ವಾರ ತಡೆ, ಒಂದೇ ವಾರ, ಎಂದು ನಾನು ಅಂಗಲಾಚಿದೆ. ಹೂಂ ಅಂದಳು. ಆ ಹೂಂನಲ್ಲಿ ಆಗಲೇ ಪೆಟ್ಟಿಗೆ ಕಟ್ಟಿದ ಸದ್ದಿತ್ತು.

ಅಂಗಡಿಗೆ ರಜೆ ಇದ್ದ ದಿನ ಬೆಳಿಗ್ಗೆ ನಾನು ಮಾವನಿಗೆ ಕಾಫಿ ಕುಡಿಸಿ, ಪಕ್ಕದಲ್ಲಿ ಕೂತೆ. "ಮಾವ, ಇವತ್ತು ನಿಮ್ಮ ಮಗ" ಅಂದೆ. ಅವರು ನನ್ನನ್ನೇ ನೋಡಿ ತಲೆ ಆಡಿಸಿದರು. ಟವೆಲನ್ನು ನನ್ನ ಗಂಡನ ಕೈಗಿಟ್ಟು, ಶರ್ಟು ಕುರ್ಚಿಯ ಮೇಲಿದೆ ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ. "ಏಯ್, ಎಲ್ಲಿಗೆ?" ಎಂದು ಇವರು ಕೂಗಿದರು. ತಿರುಗಿ ನೋಡಿದ್ದರೆ ನಿಂತುಬಿಡುತ್ತಿದ್ದೆ. ಮಾವ ಜಾರಿ ಬಿದ್ದರೆ ಏನು ಗತಿ ಎಂದು ದಾರಿಯುದ್ದಕ್ಕೂ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ.

ಕಾರು ಕಲಿಯಲು ಬಂದಿದ್ದವಳು ಒಬ್ಬ ಟೀಚರ್. ರಿವರ್ಸ್ ಹಾಕುವುದನ್ನು ಹೇಳಿಕೊಡುತ್ತಿದ್ದಾಗ ಫೋನ್ ಬಂತು. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಲು ಹೇಳಿದೆ.

"ನೀನು ಬರ್ತೀಯೋ ಇಲ್ವೋ?" ಇವರು ಕೇಳಿದರು. "ಸ್ನಾನ ಹೇಗೋ ಆಯ್ತು. ನಾನೂ ನೆಂದೋಗಿದ್ದೀನಿ. ಶರ್ಟ್ ಹಾಕೋಕೆ ಆಗ್ತಿಲ್ಲ."

"ನಂಗೆ ಕ್ಲಾಸಿದೆ."

"ಹಾಗಾದ್ರೆ ಅಕ್ಕಂಗೆ ಫೋನ್ ಮಾಡ್ತೀನಿ."

"ಮಾಡಿ. ನಾಳೆನೇ ಬಂದ್ಬಿಡ್ತಾಳೆ. ಆಮೇಲೆ ಯಾವತ್ತೂ ಹೋಗಲ್ಲ. ನಿಮಗೆ ಅದೇ ಬೇಕು ಅಂದ್ರೆ ಮಾಡಿ."

ಆ ಕಡೆ ನಲ್ಲಿ ಸರಿಯಾಗಿ ನಿಲ್ಲಿಸಿರಲಿಲ್ಲ, ನೀರು ಬೀಳುವುದು ಕೇಳುತ್ತಿತ್ತು. ಮಾವ ಒಮ್ಮೆ ಕೆಮ್ಮಿದರು. ಪಕ್ಕದಲ್ಲಿ ಟೀಚರ್ ಸ್ಟೀರಿಂಗ್ ಹಿಡಿದುಕೊಂಡು ಹೊರಗೆ ನೋಡುತ್ತಾ ಏನೂ ಕೇಳಿಸದವಳ ಹಾಗೆ ಕೂತಿದ್ದಳು.

"ಬಿದ್ದಿರೋ ಕೈನ ಮೊದ್ಲು ಶರ್ಟಿನ ತೋಳಿಗೆ ಹಾಕ್ಬೇಕು ಅಂತ ಅಕ್ಕ ಹೇಳಿದ್ಲು, ಅಲ್ವಾ?" ಇವರು ಕೊನೆಗೆ ಕೇಳಿದರು.

"ಹೌದು."

ಆಮೇಲೆ ತೀರಾ ಮೆಲ್ಲಗೆ, "ಬಿದ್ದಿರೋದು ಯಾವ ಕೈ?" ಅಂದರು.

ಮೂರು ವರ್ಷ. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ.

"ಎದುರಿಗೇ ಕೂತಿದ್ದಾರಲ್ಲ ರೀ. ನೋಡಿ."

ಇವರು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ನನ್ನ ಗಂಡ ಕೇಳುವುದು ಕೇಳಿಸಿತು:

"ಅಪ್ಪಾ... ಯಾವ ಕೈ?"